ಇಟಲಿಯಲ್ಲಿ ಡಾಕ್ಟರ್ ಓದು: ಫೀಸು ಕಡಿಮೆ, ಕಾಗದ ಜಾಸ್ತಿ

ನೀಟ್ ರಿಸಲ್ಟ್ ಬಂದ ವಾರ ನನಗೆ ಫೋನುಗಳು ಶುರುವಾಗುತ್ತವೆ. ಅಕ್ಕನ ಮಗಳು ಇಟಲಿಯ ಪಾವಿಯಾದಲ್ಲಿ ಮೆಡಿಸಿನ್ ಓದುತ್ತಿದ್ದಾಳೆ ಅನ್ನುವ ಸುದ್ದಿ ನೆಂಟರಿಗೆ, ನೆಂಟರ ನೆಂಟರಿಗೆ ಎಲ್ಲ ಹಬ್ಬಿದೆ. ಎಲ್ಲರೂ ಕೇಳುವುದು ಒಂದೇ: “ಅಲ್ಲಿ ಫೀಸೇ ಇಲ್ವಂತೆ, ಹೌದಾ?”

ಹೌದು, ಹೆಚ್ಚೂಕಡಿಮೆ ನಿಜ. ಆದರೆ ಆಮೇಲಿನ ಪ್ರಶ್ನೆಗಳನ್ನು ಯಾರೂ ಕೇಳುವುದಿಲ್ಲ. ಅಲ್ಲಿ ಓದುವುದು ಹೇಗೆ, ಅಲ್ಲಿಯ ರೋಗಿ ಯಾವ ಭಾಷೆ ಆಡುತ್ತಾನೆ, ವಾಪಸ್ ಬಂದರೆ ಇಲ್ಲಿ ಡಾಕ್ಟರ್ ಬೋರ್ಡ್ ಹಾಕಬಹುದಾ? ಪ್ರತಿ ವರ್ಷ ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿ, ಈ ಸಲ ಬರೆದೇ ಇಡುತ್ತಿದ್ದೇನೆ.

ಹೊರಗೆ ಹೋಗುವ ಯೋಚನೆ ಏಕೆ ಬರುತ್ತದೆ ಎಂದು ಹೇಳಬೇಕಿಲ್ಲ. ದೇಶದಲ್ಲಿ ವರ್ಷಕ್ಕೆ 20 ಲಕ್ಷಕ್ಕಿಂತ ಹೆಚ್ಚು ಮಕ್ಕಳು ನೀಟ್ ಬರೆಯುತ್ತಾರೆ. ಎಂಬಿಬಿಎಸ್ ಸೀಟು ಒಂದು ಲಕ್ಷ ಚಿಲ್ಲರೆ. ಸರ್ಕಾರಿ ಸೀಟು ಸಿಗದಿದ್ದರೆ ನಮ್ಮ ರಾಜ್ಯದ ಖಾಸಗಿ ಕಾಲೇಜಿನ ಪ್ರೈವೇಟ್ ಕೋಟಾದಲ್ಲಿ ವರ್ಷದ ಫೀಸು ಹತ್ತು ಲಕ್ಷ ದಾಟುತ್ತದೆ. ಮ್ಯಾನೇಜ್‌ಮೆಂಟ್ ಸೀಟಿನ ಮಾತೇ ಬೇಡ. ಹಾಗಾಗಿ ರಷ್ಯಾ, ಉಕ್ರೇನ್, ಜಾರ್ಜಿಯಾ ಅನ್ನುವ ಹೆಸರುಗಳು ನಮ್ಮ ತಾಲ್ಲೂಕು ಊರುಗಳ ಬ್ಯಾನರುಗಳಿಗೂ ಬಂದವು. 2022ರ ಮಾರ್ಚ್ 1ರಂದು ಖಾರ್ಕಿವ್ ನಗರದಲ್ಲಿ ಹಾವೇರಿ ಜಿಲ್ಲೆಯ ವಿದ್ಯಾರ್ಥಿಯೊಬ್ಬ ದಾಳಿಗೆ ಸಿಕ್ಕಿ ತೀರಿಕೊಂಡಾಗ, ನಮ್ಮ ಹಳ್ಳಿಗಳ ಮಕ್ಕಳು ಎಷ್ಟು ದೂರ ಹೋಗಿ ಡಾಕ್ಟರ್ ಓದುತ್ತಿದ್ದಾರೆ ಎಂದು ಬಹಳ ಜನಕ್ಕೆ ಮೊದಲ ಸಲ ಗೊತ್ತಾಯಿತು.

ಯುರೋಪ್ ಒಕ್ಕೂಟದ ಒಳಗೆ ನೋಡಿದರೆ ಮೊದಲು ನೆನಪಾಗುವುದು ಜರ್ಮನಿ. ಅಲ್ಲಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಮೆಡಿಸಿನ್‌ಗೆ ಫೀಸು ಇಲ್ಲವೆಂದೇ ಹೇಳಬಹುದು. ಆದರೆ ಪಾಠ ಪೂರ್ತಿ ಜರ್ಮನ್‌ನಲ್ಲಿ. ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗದ, ಅಂದರೆ ಎನ್‌ಎಂಸಿಯ 2021ರ ನಿಯಮ ಕೇಳುವುದು ಇಂಗ್ಲಿಷ್ ಮಾಧ್ಯಮ. ವಾಪಸ್ ಬರುವ ಆಸೆ ಇರುವವರಿಗೆ ಅಲ್ಲೇ ಬಾಗಿಲು ಮುಚ್ಚಿತು. ಪೋಲೆಂಡ್, ಹಂಗೇರಿ, ರೊಮೇನಿಯಾಗಳಲ್ಲಿ ಇಂಗ್ಲಿಷ್ ಕೋರ್ಸ್ ಇವೆ. ಆದರೆ ಅವು ಹೊರಗಿನವರಿಂದ ದುಡ್ಡು ತರಿಸುವ ಕೋರ್ಸ್‌ಗಳು, ವರ್ಷಕ್ಕೆ ಸಾವಿರಾರು ಯೂರೋ. ಉಳಿಯುವುದು ಇಟಲಿ. ಸರ್ಕಾರಿ ವಿಶ್ವವಿದ್ಯಾಲಯ, ಇಂಗ್ಲಿಷ್ ಮಾಧ್ಯಮ, ಆದಾಯ ನೋಡಿ ಫೀಸು. ಈ ಮೂರೂ ಒಟ್ಟಿಗೆ ಸಿಗುವ ಜಾಗ ಬೇರೆ ಹೆಚ್ಚಿಲ್ಲ.

ಮಿಲಾನ್, ಪಾವಿಯಾ, ಬೊಲೋನ್ಯಾ, ಪಾದುವಾ, ಟುರಿನ್, ನೇಪಲ್ಸ್, ಬಾರಿ, ರೋಮ್‌ನ ಸಪಿಯೆನ್ಸಾ, ಹೀಗೆ ಹತ್ತಕ್ಕಿಂತ ಹೆಚ್ಚು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಇಂಗ್ಲಿಷ್‌ನಲ್ಲಿ ಆರು ವರ್ಷದ ‘ಮೆಡಿಸಿನ್ ಅಂಡ್ ಸರ್ಜರಿ’ ಇದೆ. ಪಾವಿಯಾದಲ್ಲಿ ಇಟಾಲಿಯನ್ ಮಾಧ್ಯಮದ ಕೋರ್ಸಿಗೆ ಗೊಲ್ಜಿ ಎಂದು ಹೆಸರು. 1906ರಲ್ಲಿ ನೊಬೆಲ್ ಪಡೆದ, ಅಲ್ಲೇ ಪಾಠ ಮಾಡಿದ ಕಮಿಲ್ಲೊ ಗೊಲ್ಜಿ ಅವರ ನೆನಪಿಗೆ. ಇಂಗ್ಲಿಷ್ ಕೋರ್ಸಿಗೆ ಹಾರ್ವೆ ಎಂದು ಹೆಸರು. ರಕ್ತ ದೇಹದಲ್ಲಿ ಸುತ್ತುತ್ತದೆ ಎಂದು ತೋರಿಸಿಕೊಟ್ಟ ವಿಲಿಯಂ ಹಾರ್ವೆ ಇಂಗ್ಲೆಂಡಿನಿಂದ ಪಾದುವಾಕ್ಕೆ ಬಂದು 1602ರಲ್ಲಿ ಡಿಗ್ರಿ ಪಡೆದವನು. ಡಾಕ್ಟರ್ ಓದಲು ಇಟಲಿಗೆ ಬರುವ ಚಾಳಿ ನಾನೂರು ವರ್ಷದಷ್ಟು ಹಳೆಯದು ಅಂತಾಯಿತು.

ಸೀಟಿಗೆ ಐಮ್ಯಾಟ್ ಎಂಬ ಪರೀಕ್ಷೆ ಬರೆಯಬೇಕು. 60 ಪ್ರಶ್ನೆ, 100 ನಿಮಿಷ. ಸರಿ ಉತ್ತರಕ್ಕೆ 1.5 ಅಂಕ, ತಪ್ಪಿಗೆ 0.4 ಕಡಿತ, ಬಿಟ್ಟರೆ ಸೊನ್ನೆ. ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ ನೀಟ್‌ಗೆ ಓದಿದವರಿಗೆ ಹೊಸದಲ್ಲ. ಗಣಿತವೂ ಸ್ವಲ್ಪ ಇದೆ, ಪಿಸಿಎಂಬಿ ತೆಗೆದುಕೊಂಡವರು ಬಚಾವು. ಎಡವುವುದು ತರ್ಕದ ಪ್ರಶ್ನೆಗಳಲ್ಲಿ. ಒಂದು ಪ್ಯಾರಾ ಕೊಟ್ಟು ‘ಈ ವಾದದ ಹುಳುಕು ಯಾವುದು’ ಎಂದು ಕೇಳುತ್ತಾರೆ. ಲಾಂಗ್ ಟರ್ಮ್ ಕೋಚಿಂಗ್‌ನಲ್ಲಿ ಅದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ. ಯುರೋಪ್ ಒಕ್ಕೂಟದ ಹೊರಗಿನವರಿಗೆ ಬೇರೆ ಸೀಟು, ಬೇರೆ ಪಟ್ಟಿ. ಒಂದೊಂದು ವಿಶ್ವವಿದ್ಯಾಲಯದಲ್ಲಿ ಹತ್ತಾರು ಸೀಟು ಮಾತ್ರ. ಅದಕ್ಕೆ ಟರ್ಕಿ, ಇರಾನ್, ಇಸ್ರೇಲ್ ಹುಡುಗರ ಜೊತೆ ಪೈಪೋಟಿ. 2025ರಲ್ಲಿ ಇಟಲಿ ತನ್ನ ಇಟಾಲಿಯನ್ ಮಾಧ್ಯಮದ ಕೋರ್ಸ್‌ಗಳಿಗೆ ಪ್ರವೇಶ ಪರೀಕ್ಷೆ ತೆಗೆದು, ಮೊದಲ ಸೆಮಿಸ್ಟರ್ ಓದಿಸಿ ಸೋಸುವ ಪದ್ಧತಿ ತಂದಿತು. “ಇಟಲಿಯಲ್ಲಿ ಇನ್ನು ಎಂಟ್ರೆನ್ಸೇ ಇಲ್ಲ” ಎಂದು ಮೊಬೈಲುಗಳಲ್ಲಿ ಓಡಾಡಿದ ಸುದ್ದಿ ಅದೇ. ಇಂಗ್ಲಿಷ್ ಕೋರ್ಸ್‌ಗಳಿಗೆ ಐಮ್ಯಾಟ್ ಹಾಗೇ ಇದೆ.

ಒಂದು ಮಾತು. ಐಮ್ಯಾಟ್ ಬರೆದರೂ ನೀಟ್‌ನಲ್ಲಿ ಅರ್ಹತೆ ಪಡೆಯಲೇಬೇಕು. ಇಟಲಿಯವರು ಅದನ್ನು ಕೇಳುವುದಿಲ್ಲ. ಆರು ವರ್ಷ ಬಿಟ್ಟು ಇಲ್ಲಿಯವರು ಕೇಳುತ್ತಾರೆ.

ಈಗ ಫೀಸಿನ ವಿಚಾರ. ಅಲ್ಲಿ ಐಸೆ ಎಂಬ ಒಂದು ಸಂಖ್ಯೆ ಇದೆ. ಕುಟುಂಬದ ಆದಾಯ, ಆಸ್ತಿ, ಮನೆಯಲ್ಲಿರುವ ತಲೆ, ಮೂರನ್ನೂ ಸೇರಿಸಿ ತೆಗೆಯುವ ಲೆಕ್ಕ. ವಿದೇಶಿ ಕುಟುಂಬದ ಲೆಕ್ಕಕ್ಕೆ ಐಸೆ ಪಾರಿಫಿಕಾತೊ ಎನ್ನುತ್ತಾರೆ. ಒರಟಾಗಿ ಹೀಗೆ: ಒಂದು ಯೂರೋಗೆ ನೂರು ರೂಪಾಯಿ ಅಂದುಕೊಳ್ಳಿ. ಅಪ್ಪ ಅಮ್ಮ ಇಬ್ಬರ ಆದಾಯ ವರ್ಷಕ್ಕೆ 12 ಲಕ್ಷ, ಅಂದರೆ 12,000 ಯೂರೋ. ಮನೆ, ಠೇವಣಿ ಎಲ್ಲ ಸೇರಿ ಅವರ ಲೆಕ್ಕದಲ್ಲಿ 40,000 ಯೂರೋ ಆಯಿತು ಅನ್ನಿ. ಆಸ್ತಿಯ ಐದನೇ ಒಂದು ಭಾಗ, 8,000, ಆದಾಯಕ್ಕೆ ಸೇರುತ್ತದೆ. ಒಟ್ಟು 20,000. ನಾಲ್ಕು ಜನರ ಕುಟುಂಬವಾದರೆ ಅದನ್ನು 2.46ರಿಂದ ಭಾಗಿಸಬೇಕು. ಬರುವುದು 8,130ರ ಆಸುಪಾಸು. ಈ ಸಂಖ್ಯೆ 22,000ಕ್ಕಿಂತ ಕಡಿಮೆ ಇದ್ದರೆ ಫೀಸು ಮಾಫಿ ಎನ್ನುವುದು ಇಟಲಿಯ ಸಾಮಾನ್ಯ ನಿಯಮ. ಪ್ರಾಂತ್ಯದ ತೆರಿಗೆ, ಸ್ಟಾಂಪು ಎಂದು ನೂರೈವತ್ತು ಯೂರೋ ಆಸುಪಾಸು ಕಟ್ಟಬೇಕು, ಅಷ್ಟೆ. ಎರಡನೇ ವರ್ಷದಿಂದ ಇಂತಿಷ್ಟು ಕ್ರೆಡಿಟ್ (ಒಂದೊಂದು ವಿಷಯಕ್ಕೆ ಅದರ ತೂಕ ನೋಡಿ ಇಟ್ಟ ಅಂಕ) ಪಾಸಾಗಿರಬೇಕು ಎಂಬ ಷರತ್ತು ಸೇರುತ್ತದೆ. ಕೆಲವು ವಿಶ್ವವಿದ್ಯಾಲಯಗಳು ವಿದೇಶಿಯರಿಗೆ ನಿಗದಿತ ಫೀಸು ಇಡುವುದೂ ಉಂಟು. ಪೂರ್ತಿ ಕಟ್ಟಬೇಕಾಗಿ ಬಂದರೂ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ವರ್ಷಕ್ಕೆ 4,000 ಯೂರೋ ಆಚೀಚೆ. ಖಾಸಗಿಯವರದ್ದು ಬೇರೆ ಕತೆ. ಮಿಲಾನಿನ ಹುಮಾನಿತಾಸ್, ಸಾನ್ ರಫಾಯೆಲೆಗಳಲ್ಲಿ ವರ್ಷಕ್ಕೆ 20,000 ಯೂರೋ ಹತ್ತಿರ, ಪ್ರವೇಶ ಪರೀಕ್ಷೆಯೂ ಅವರದ್ದೇ.

ಇಷ್ಟು ಕೇಳಿದ ಕೂಡಲೇ ಫೋನಿನ ಆ ಕಡೆ ಖುಷಿ. ಆಗ ನಾನು ವಂಶವೃಕ್ಷದ ಕತೆ ಹೇಳುತ್ತೇನೆ.

ಐಸೆ ಲೆಕ್ಕಕ್ಕೆ ಮನೆಯಲ್ಲಿ ಯಾರು ಯಾರಿದ್ದಾರೆ ಎಂಬ ಸರ್ಕಾರಿ ಪತ್ರ ಬೇಕು. ಇಟಲಿಯಲ್ಲಿ ಅದನ್ನು ನಗರಸಭೆ ಐದು ನಿಮಿಷದಲ್ಲಿ ಕೊಡುತ್ತದೆ. ನಮ್ಮಲ್ಲಿ ಅದಕ್ಕೆ ಸರಿಸಮ ಯಾವುದು? ಬಹಳ ಯೋಚಿಸಿ ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ ಹಾಕಿದೆವು. ಸಾಮಾನ್ಯವಾಗಿ ಜಮೀನು ಭಾಗ ಆಗುವಾಗ, ಮನೆಯಲ್ಲಿ ಯಾರಾದರೂ ತೀರಿಕೊಂಡಾಗ ಮಾಡಿಸುವ ಕಾಗದ ಅದು. ಕೌಂಟರಿನವನು ಭಾವನ ಮುಖ ನೋಡಿ ದನಿ ತಗ್ಗಿಸಿ, “ಯಾರು ಹೋದರು ಸರ್?” ಎಂದು ಕೇಳಿದ. “ಮಗಳು ಇಟಲಿಗೆ ಹೋಗ್ತಾಳೆ” ಎಂದರು ಭಾವ. ಕಾಗದ ಬಂದಿದ್ದು ಕನ್ನಡದಲ್ಲಿ. ಅದನ್ನು ಇಂಗ್ಲಿಷಿಗೆ ಮಾಡಿಸಿ, ನೋಟರಿ ಮಾಡಿಸಿ, ರಾಜ್ಯ ಸರ್ಕಾರದ ಮುದ್ರೆ ಹಾಕಿಸಿ, ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್, ಅಂದರೆ ಹೊರದೇಶಕ್ಕೆ ನಡೆಯುವ ದೃಢೀಕರಣದ ಚೀಟಿ ಅಂಟಿಸಿ, ಕೊನೆಗೆ ಇಟಾಲಿಯನ್‌ಗೆ ಅನುವಾದ. ಆದಾಯ ಪ್ರಮಾಣಪತ್ರಕ್ಕೂ ಇದೇ ಮೆರವಣಿಗೆ. ಅದರಲ್ಲಿ ಇನ್ನೊಂದು ತೊಡಕು. ನಮ್ಮ ರಿಟರ್ನ್ಸ್ ಏಪ್ರಿಲ್‌ನಿಂದ ಮಾರ್ಚ್. ಅವರಿಗೆ ಬೇಕಾದದ್ದು ಜನವರಿಯಿಂದ ಡಿಸೆಂಬರ್, ಜೊತೆಗೆ ಡಿಸೆಂಬರ್ 31ರಂದು ಬ್ಯಾಂಕಿನಲ್ಲಿ ಎಷ್ಟಿತ್ತು ಎಂಬ ಪತ್ರ.

ಹೆಸರಿನ ಗೋಳು ಬೇರೆ. ಇಟಲಿಗೆ ಕಾಲಿಟ್ಟ ಮೇಲೆ ಕೋದಿಚೆ ಫಿಸ್ಕಾಲೆ ಎಂಬ 16 ಅಕ್ಷರದ ಸಂಖ್ಯೆ ಇಲ್ಲದೆ ಸಿಮ್ ಕಾರ್ಡೂ ಸಿಗುವುದು ಕಷ್ಟ. ನಮ್ಮ ಪ್ಯಾನ್ ಇದ್ದ ಹಾಗೆ. ಆದರೆ ಅದು ನಿಮ್ಮ ವಿವರಗಳಿಂದಲೇ ಹುಟ್ಟುತ್ತದೆ. ಮನೆಹೆಸರಿನ ಮೂರು ಅಕ್ಷರ, ಹೆಸರಿನ ಮೂರು ಅಕ್ಷರ, ಹುಟ್ಟಿದ ವರ್ಷ, ತಿಂಗಳು, ದಿನ, ಹುಟ್ಟಿದ ದೇಶದ ಗುರುತು, ಕೊನೆಗೆ ತಾಳೆ ನೋಡುವ ಒಂದು ಅಕ್ಷರ. ಭಾರತದ ಗುರುತು ಝಡ್222. ಹೆಣ್ಣುಮಕ್ಕಳಾದರೆ ಹುಟ್ಟಿದ ದಿನಕ್ಕೆ 40 ಕೂಡಿಸುತ್ತಾರೆ. ನಮ್ಮ ಹುಡುಗಿ ಹುಟ್ಟಿದ್ದು 12ನೇ ತಾರೀಕು, ಅವಳ ಕಾರ್ಡಿನಲ್ಲಿ 52. ಇದೆಲ್ಲ ತಮಾಷೆ ಅನ್ನಿಸಿದರೂ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರು, ಆಧಾರ್‌ನಲ್ಲಿ ಊರ ಹೆಸರು ಇರುವ ನಮ್ಮಂಥವರಿಗೆ ಅಲ್ಲಿ ಮೂರು ಬೇರೆ ಬೇರೆ ಮನುಷ್ಯರಾಗುವ ಅಪಾಯ ಇದೆ. ಮಗು ಪಿಯುಸಿಯಲ್ಲಿ ಇರುವಾಗಲೇ ಹೆಸರು ಒಂದೇ ಥರ ಮಾಡಿಸಿಡಿ.

ಈ ಕಾಗದಕ್ಕೆಲ್ಲ ಫಲವೂ ಇದೆ. ಅದೇ ಐಸೆ ಸಂಖ್ಯೆಯ ಮೇಲೆ ಪ್ರಾಂತ್ಯದ ವಿದ್ಯಾರ್ಥಿವೇತನ ಸಿಗುತ್ತದೆ. ಊರಿನಿಂದ ದೂರ ಇದ್ದು ಓದುವವರಿಗೆ ಹಾಸ್ಟೆಲ್ಲು, ಊಟ, ದುಡ್ಡು ಎಲ್ಲ ಸೇರಿ ವರ್ಷಕ್ಕೆ 6,000–7,000 ಯೂರೋ ಬಾಳುತ್ತದೆ. ಪಾವಿಯಾದಂಥ ಊರಿನಲ್ಲಿ ಕೋಣೆಗೆ ತಿಂಗಳಿಗೆ 400 ಯೂರೋ, ಮಿಲಾನಿನಲ್ಲಿ ಅದಕ್ಕಿಂತ ಬಹಳ ಜಾಸ್ತಿ. ಹಾಗಾಗಿ ಈ ವೇತನವೇ ಅರ್ಧ ಜೀವ. ಏಜೆಂಟರು ಇಲ್ಲಿಗೇ ನಿಲ್ಲಿಸುತ್ತಾರೆ, ಮುಂದಿನದ್ದು ಹೇಳುವುದಿಲ್ಲ. ಮೊದಲ ವರ್ಷದ ಆಗಸ್ಟ್ 10ರೊಳಗೆ ಸುಮಾರು 20 ಕ್ರೆಡಿಟ್‌ನಷ್ಟು ಪರೀಕ್ಷೆ ಪಾಸಾಗದಿದ್ದರೆ ಎರಡನೇ ಕಂತು ಬರುವುದಿಲ್ಲ. ನವೆಂಬರ್ ಕೊನೆಗೂ ಆಗದಿದ್ದರೆ ಕೊಟ್ಟಿದ್ದನ್ನೂ ವಾಪಸ್ ಕೇಳುತ್ತಾರೆ. ಐಮ್ಯಾಟ್ ನಡೆಯುವುದು ಸೆಪ್ಟೆಂಬರ್‌ನಲ್ಲಿ. ಪಟ್ಟಿ ಬಂದು, ವೀಸಾ ಆಗಿ, ಹುಡುಗರು ತಲುಪುವಷ್ಟರಲ್ಲಿ ನವೆಂಬರ್, ಡಿಸೆಂಬರ್. ಕ್ಲಾಸು ಅಕ್ಟೋಬರಿನಲ್ಲೇ ಶುರು. ಓಟದಲ್ಲಿ ಎರಡು ತಿಂಗಳು ಹಿಂದೆ ನಿಂತೇ ಹೊರಡಬೇಕು.

ಇನ್ನು ಓದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ನಮ್ಮ ಮಕ್ಕಳಿಗೆ ದೊಡ್ಡ ಪೆಟ್ಟು ಬೀಳುವುದು ಇಲ್ಲಿ.

ಅಲ್ಲಿ ದೊಡ್ಡ ಪರೀಕ್ಷೆಗಳು ಬಹುಪಾಲು ಬಾಯಲ್ಲಿ. ನಮ್ಮ ವೈವಾ ಇದ್ದ ಹಾಗಾ ಅಂದರೆ, ಹೌದು, ಆದರೆ ವೈವಾನೇ ಪರೀಕ್ಷೆ. ಅನಾಟಮಿಯ ದಿನ ಪ್ರೊಫೆಸರ್ ಪಟ್ಟಿ ಹಿಡಿದು ಒಬ್ಬೊಬ್ಬರ ಹೆಸರು ಕೂಗುತ್ತಾರೆ. ನೀವು ಮುಂದೆ ಹೋಗಿ ಕುರ್ಚಿಯಲ್ಲಿ ಕೂರಬೇಕು. ಹಿಂದಿನ ಬೆಂಚುಗಳಲ್ಲಿ ಉಳಿದವರು ಕೂತು ಕೇಳುತ್ತಿರುತ್ತಾರೆ, ಪರೀಕ್ಷೆ ಎಲ್ಲರೆದುರೇ ನಡೆಯುತ್ತದೆ. “ಬ್ರೇಕಿಯಲ್ ಪ್ಲೆಕ್ಸಸ್ ಹೇಳಿ” ಎಂದರೆ ಕತ್ತಿನ ನರಗಳಿಂದ ಹೊರಟು ಬೆರಳ ತುದಿಯವರೆಗೆ ತಡವರಿಸದೆ ಹೇಳುತ್ತ ಹೋಗಬೇಕು. ನಡುವೆ ನಿಲ್ಲಿಸಿ, “ಮೊಣಕೈ ಹತ್ತಿರ ಈ ನರ ತುಂಡಾದರೆ ರೋಗಿ ಏನು ಮಾಡಲಾರ?” ಎಂದು ಕೇಳುತ್ತಾರೆ. ಅಲ್ಲಿ ನಾಲ್ಕು ಆಯ್ಕೆ ಇರುವುದಿಲ್ಲ.

ಅಂಕ 30ಕ್ಕೆ. 18 ಬಂದರೆ ಪಾಸು. ಬಹಳ ಚೆನ್ನಾಗಿ ಮಾಡಿದವರಿಗೆ ‘ತ್ರೆಂತಾ ಎ ಲೋದೆ’, ಮೂವತ್ತರ ಜೊತೆ ಶಹಬ್ಬಾಸ್. ನನಗೆ ವಿಚಿತ್ರ ಅನ್ನಿಸಿದ್ದು ಇನ್ನೊಂದು. ಕೊಟ್ಟ ಅಂಕ ಬೇಡ ಅಂದರೆ ಸಾಮಾನ್ಯವಾಗಿ ಒಲ್ಲೆ ಎನ್ನಬಹುದು, ಮುಂದಿನ ಸಲ ಮತ್ತೆ ಬರಬಹುದು! ನಮ್ಮ ಹುಡುಗಿ ಬಯೋಕೆಮಿಸ್ಟ್ರಿಯಲ್ಲಿ 22 ಬಂದಾಗ ಬೇಡ ಎಂದಳು. ಅಕ್ಕ ಎರಡು ದಿನ ಊಟ ಬಿಟ್ಟಳು. “ಪಾಸಾಗಿದ್ದನ್ನ ಯಾರಾದ್ರೂ ವಾಪಸ್ ಕೊಡ್ತಾರಾ?” ಅವಳಿಗೆ ಮುಂದಿನ ಸಲ 27 ಬಂತು ಅನ್ನುವುದು ಸರಿ. ಆದರೆ ಇದೇ ಸ್ವಾತಂತ್ರ್ಯ ಸೋಮಾರಿಗಳನ್ನು ಮುಳುಗಿಸುತ್ತದೆ. ಪರೀಕ್ಷೆ ಮುಂದೂಡುತ್ತ ಹೋಗಬಹುದು, ಯಾರೂ ಬೈಯುವುದಿಲ್ಲ. ಆರು ವರ್ಷದ ಕೋರ್ಸ್ ಎಂಟಾಗುವುದು ಹೀಗೇ.

ಮೂರನೇ ವರ್ಷಕ್ಕೆ ಆಸ್ಪತ್ರೆ. ಪಾವಿಯಾದಲ್ಲಿ ಸಾನ್ ಮತ್ತೇಯೊ ಎಂಬ ದೊಡ್ಡ ಆಸ್ಪತ್ರೆ ಇದೆ. ‘ಇಂಗ್ಲಿಷ್ ಮೀಡಿಯಂ’ ಅದರ ವಾರ್ಡಿನ ಬಾಗಿಲಲ್ಲೇ ಮುಗಿಯುತ್ತದೆ. ಮಂಚದ ಮೇಲೆ ಮಲಗಿದ ಎಂಬತ್ತರ ಅಜ್ಜನಿಗೆ ಇಂಗ್ಲಿಷ್ ಬಾರದು. ‘ದೊವೆ ಲೆ ಫಾ ಮಾಲೆ?’, ಎಲ್ಲಿ ನೋವು ಎಂದು ನೀವೇ ಇಟಾಲಿಯನ್‌ನಲ್ಲಿ ಕೇಳಬೇಕು. ಉತ್ತರ ಕೆಲವೊಮ್ಮೆ ಪುಸ್ತಕದ ಇಟಾಲಿಯನ್‌ನಲ್ಲೂ ಬರುವುದಿಲ್ಲ, ಲೊಂಬಾರ್ದಿಯಾದ ಆಡುಮಾತಿನಲ್ಲಿ ಬರುತ್ತದೆ. ಹುಬ್ಬಳ್ಳಿಯ ಕಾಲೇಜಿಗೆ ಸೇರಿದ ದಿಲ್ಲಿಯ ಹುಡುಗನಿಗೆ “ಹೊಟ್ಟ್ಯಾಗ ಕಿವುಚಿದಂಗ ಆಗ್ತದ್ರಿ” ಅಂದರೆ ಏನಾಗುತ್ತದೋ ಹಾಗೆ. ನಮ್ಮವರಿಗೆ ಒಂದು ಅನುಕೂಲ ಇದೆ. ಇಟಾಲಿಯನ್‌ನಲ್ಲೂ ನೀನು, ನೀವು ಬೇರೆ ಬೇರೆ. ಹಿರಿಯರಿಗೆ ‘ತು’ ಅಂದರೆ ತಪ್ಪು, ‘ಲೆಯಿ’ ಅನ್ನಬೇಕು. ಅದನ್ನು ಕನ್ನಡದ ಮಕ್ಕಳಿಗೆ ಬಿಡಿಸಿ ಹೇಳಬೇಕಿಲ್ಲ, ಅಲ್ವಾ. ಆದರೂ ಹೊರಡುವ ಮೊದಲೇ ಆರು ತಿಂಗಳು ಭಾಷೆ ಕಲಿತು ಹೋದವರಿಗೂ, ಅಲ್ಲಿ ಹೋಗಿ ನೋಡೋಣ ಎಂದವರಿಗೂ ನಾಲ್ಕನೇ ವರ್ಷದಲ್ಲಿ ಅಜಗಜಾಂತರ.

ಡಿಗ್ರಿ ಕೈಗೆ ಬಂತು ಅನ್ನಿ. ಇಟಲಿಯಲ್ಲಿ 2020ರಿಂದ ಮೆಡಿಸಿನ್ ಡಿಗ್ರಿಯೇ ವೈದ್ಯ ವೃತ್ತಿಯ ಅರ್ಹತೆ. ಮೊದಲು ಪ್ರತ್ಯೇಕವಾಗಿದ್ದ ಸರ್ಕಾರಿ ಪರೀಕ್ಷೆಯನ್ನು ಕೋವಿಡ್ ಸಮಯದಲ್ಲಿ ತೆಗೆದರು. ಅದಕ್ಕೆ ಬೇಕಾದ ಪ್ರಾಯೋಗಿಕ ತರಬೇತಿ ಕೋರ್ಸಿನ ಒಳಗೇ ಸೇರಿದೆ. ಮೆಡಿಸಿನ್‌ನಲ್ಲಿ ಒಂದು ತಿಂಗಳು, ಸರ್ಜರಿಯಲ್ಲಿ ಒಂದು ತಿಂಗಳು, ಫ್ಯಾಮಿಲಿ ಡಾಕ್ಟರ ಬಳಿ ಒಂದು ತಿಂಗಳು.

ವಾಪಸ್ ಬರುವವರು ಗಮನಿಸಬೇಕಾದದ್ದು ಇದನ್ನೇ. ಎನ್‌ಎಂಸಿಯ 2021ರ ನಿಯಮ ಹೇಳುವುದು ಹೀಗೆ: ಕನಿಷ್ಠ 54 ತಿಂಗಳ ಓದು, ಅದರ ಮೇಲೆ ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್, ಆ ದೇಶದಲ್ಲಿ ಅಲ್ಲಿಯ ಪ್ರಜೆಗಳಂತೆಯೇ ವೃತ್ತಿ ಮಾಡುವ ಅರ್ಹತೆ, ಭಾರತಕ್ಕೆ ಬಂದು ಮತ್ತೆ 12 ತಿಂಗಳ ಇಂಟರ್ನ್‌ಶಿಪ್. ಎಲ್ಲ ಸೇರಿಕೊಂಡ ದಿನದಿಂದ 10 ವರ್ಷದೊಳಗೆ. ಇಟಲಿಯ ಆರು ವರ್ಷದಲ್ಲಿ ತಿಂಗಳುಗಳಿಗೆ ಕೊರತೆ ಇಲ್ಲ, 72 ಆಗುತ್ತವೆ. ಆದರೆ ‘ಇಂಟರ್ನ್‌ಶಿಪ್ 12 ತಿಂಗಳು’ ಎಂದು ಬೇರೆಯಾಗಿ ಎಲ್ಲೂ ಬರೆದಿರುವುದಿಲ್ಲ. ಆಸ್ಪತ್ರೆ ತರಬೇತಿ ಕ್ರೆಡಿಟ್‌ಗಳ ಲೆಕ್ಕದಲ್ಲಿ ವರ್ಷಗಳ ತುಂಬ ಹರಡಿಕೊಂಡಿರುತ್ತದೆ. ಅವರ ಪದ್ಧತಿ ಅದು, ಅವರಿಗೆ ಅದರಲ್ಲಿ ತೊಂದರೆ ಇಲ್ಲ. ನಮ್ಮ ಫಾರಂ ಭರ್ತಿ ಮಾಡುವಾಗ ತೊಂದರೆ. ಸೇರುವ ಮೊದಲೇ ವಿಶ್ವವಿದ್ಯಾಲಯಕ್ಕೆ ಇ-ಮೇಲ್ ಹಾಕಿ, ಇದನ್ನು ಹೇಗೆ ಬರೆದು ಕೊಡುತ್ತೀರಿ ಎಂದು ಕೇಳಿ. ಬಾಯಿಮಾತಿನಲ್ಲಿ ‘ಆಗತ್ತೆ ಬಿಡಿ’ ಎನ್ನುವ ಕನ್ಸಲ್ಟೆನ್ಸಿಯವರು ಆರು ವರ್ಷದ ನಂತರ ಆ ಬೋರ್ಡಿನಡಿ ಇರುತ್ತಾರೋ ಇಲ್ಲವೋ.

ಅದೇ ನಿಯಮದಲ್ಲಿ ಇನ್ನೊಂದು ಗುಂಡಿ. ಓದು, ತರಬೇತಿ ಎಲ್ಲ ಅದೇ ದೇಶದಲ್ಲಿ, ಅದೇ ಸಂಸ್ಥೆಯಲ್ಲಿ ಆಗಿರಬೇಕು. ಯುರೋಪಿನ ಮಕ್ಕಳು ಎರಾಸ್ಮಸ್ ಎಂದು ಒಂದು ಸೆಮಿಸ್ಟರ್ ಸ್ಪೇನಿಗೋ ಫ್ರಾನ್ಸಿಗೋ ಹೋಗಿಬರುತ್ತಾರೆ. ಗೆಳೆಯರೆಲ್ಲ ಹೊರಟಾಗ ನಮ್ಮವರಿಗೂ ಆಸೆ ಆಗುತ್ತದೆ. ಭಾರತದಲ್ಲಿ ನೋಂದಣಿ ಬೇಕು ಅನ್ನುವವರು ಬಾರ್ಸಿಲೋನಾವನ್ನು ರಜೆಯಲ್ಲಿ ನೋಡಿಬರುವುದು ಒಳ್ಳೆಯದು.

ಆಮೇಲೆ ಎಫ್‌ಎಂಜಿಇ, ಹೊರದೇಶದಲ್ಲಿ ಡಾಕ್ಟರ್ ಓದಿ ಬಂದವರು ಇಲ್ಲಿ ಬರೆಯಬೇಕಾದ ಪರೀಕ್ಷೆ. 300 ಪ್ರಶ್ನೆ, 150 ಸರಿಯಾದರೆ ಪಾಸು. ವರ್ಷಕ್ಕೆ ಎರಡು ಸಲ. ಬರೆದವರಲ್ಲಿ ಹೆಚ್ಚಿನವರು ಫೇಲಾಗುವ ಪರೀಕ್ಷೆ. ಮುಂದೆ ಇದರ ಜಾಗಕ್ಕೆ ನೆಕ್ಸ್ಟ್ ಎಂಬ ಹೊಸ ಪರೀಕ್ಷೆ ಬರಬೇಕಿದೆ. ಇಲ್ಲಿ ಒಂದು ವಿಚಿತ್ರ ಇದೆ. ನೀಟ್‌ಗೆಂದು ಎರಡು ವರ್ಷ ಟಿಕ್ ಹಾಕಿ ಅಭ್ಯಾಸವಾದ ಮಗು ಇಟಲಿಗೆ ಹೋಗಿ, ಕಷ್ಟಪಟ್ಟು ಬಾಯಿ ಬಿಟ್ಟು ವಿವರಿಸುವುದನ್ನು ಕಲಿಯುತ್ತದೆ. ಆರು ವರ್ಷ ಅದೇ ರೂಢಿಯಾಗಿ ವಾಪಸ್ ಬಂದರೆ ಮತ್ತೆ ಟಿಕ್ ಹಾಕಬೇಕು. ಅದೂ ನಮ್ಮ ಪಠ್ಯದ ರಾಷ್ಟ್ರೀಯ ಕಾರ್ಯಕ್ರಮ, ಹಾವು ಕಡಿತ, ಡೆಂಗಿ, ಕ್ಷಯದ ಔಷಧಿ ಪಟ್ಟಿ. ಮಿಲಾನಿನ ಪ್ರೊಫೆಸರ್ ಕಟ್ಟುಹಾವಿನ ಬಗ್ಗೆ ಯಾಕೆ ಪಾಠ ಮಾಡುತ್ತಾರೆ? ಹಾಗಾಗಿ ತಿಳಿದವರು ನಾಲ್ಕನೇ ವರ್ಷದಿಂದಲೇ ರಾತ್ರಿ ಇಲ್ಲಿಯ ಆನ್‌ಲೈನ್ ಕ್ಲಾಸು ಕೇಳುತ್ತಾರೆ.

ಅಲ್ಲೇ ಉಳಿಯುತ್ತೇವೆ ಅನ್ನುವವರಿಗೆ ‘ಇಟಲಿ ಡಿಗ್ರಿ ಇಡೀ ಯುರೋಪಿಗೆ ನಡೆಯುತ್ತೆ’ ಎಂದು ಹೇಳಿರುತ್ತಾರೆ. ಅರ್ಧ ಸತ್ಯ. ಡಿಗ್ರಿಗಳನ್ನು ತಾನಾಗಿ ಒಪ್ಪುವ 2005ರ ಯುರೋಪ್ ನಿರ್ದೇಶನ ಒಕ್ಕೂಟದ ಪ್ರಜೆಗಳಿಗಾಗಿ ಬರೆದದ್ದು. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಆಯಾ ದೇಶದ ನಿಯಮ, ಆಯಾ ದೇಶದ ಭಾಷೆ. ಜರ್ಮನಿಗೆ ಹೋಗುವುದಾದರೆ ಇಟಾಲಿಯನ್ ಕಲಿತ ಮೇಲೆ ಜರ್ಮನ್ ಶುರು.

ಇಷ್ಟೆಲ್ಲ ಹೇಳಿದ ಮೇಲೆ ಜನ ಕೇಳುತ್ತಾರೆ, “ಹಾಗಾದ್ರೆ ಕಳಿಸಬೇಡ ಅಂತೀರಾ?” ಹಾಗೇನಿಲ್ಲ. ನನ್ನ ಪ್ರಕಾರ ಅದು ಬಾಯಿ ಬಿಟ್ಟು ಮಾತಾಡುವ, ಒಬ್ಬರೇ ಕೂತು ಓದುವ, ಹೊಸ ಭಾಷೆಗೆ ಹೆದರದ ಮಕ್ಕಳಿಗೆ ಒಪ್ಪುವ ಜಾಗ. ದಿನಾ ಹಾಜರಿ ತೆಗೆದು, ವಾರಕ್ಕೊಂದು ಟೆಸ್ಟ್ ಕೊಟ್ಟು ಓದಿಸಿದರೆ ಮಾತ್ರ ಓದುವ ಮಗುವಿಗೆ ಅಲ್ಲ. ನೀಟ್ ರ‍್ಯಾಂಕ್ ನೋಡಿ ಇದನ್ನು ಹೇಳಲಾಗುವುದಿಲ್ಲ. ಅಪ್ಪ ಅಮ್ಮನೇ ನೋಡಬೇಕು.

ನಮ್ಮ ಹುಡುಗಿಗೆ ಪಾವಿಯಾ ಒಗ್ಗಿದೆ. ಊರ ಸುತ್ತ ಭತ್ತದ ಗದ್ದೆ, ಬೇಸಿಗೆಯಲ್ಲಿ ಸೊಳ್ಳೆ, ಗಂಗಾವತಿ ಥರಾನೇ ಇದೆ ಎನ್ನುತ್ತಾಳೆ. ಮೊನ್ನೆ ಫೋನಿನಲ್ಲಿ ವಾರ್ಡಿನ ಕತೆ ಹೇಳುತ್ತಿದ್ದವಳು ನಡುವೆ ನಿಲ್ಲಿಸಿ, “ಮಾಮಾ, ಈ ವರ್ಷದ ಐಸೆಗೆ ಹೊಸ ಪೇಪರ್ ಬೇಕಂತೆ” ಎಂದಳು. ಲೆಕ್ಕ ಪ್ರತಿ ವರ್ಷ ಹೊಸದಾಗಿ ಆಗಬೇಕು. ಸೋಮವಾರ ಭಾವ ಮತ್ತೆ ನಾಡಕಚೇರಿಗೆ ಹೊರಟರು. ಕೌಂಟರಿನವನು ಈಗ ಯಾರು ಹೋದರು ಎಂದು ಕೇಳುವುದಿಲ್ಲ. “ಮೇಡಂ ಎಷ್ಟನೇ ವರ್ಷ ಸರ್?” ಎಂದು ಕೇಳಿದನಂತೆ.